ನಿಂಗಪ್ಪನೂ ಖಾದರ್ ಭಾಯಿಯೂ ಪಂಜಾ ಹಿಡಿದರೆ

ಮಾವನ ಮನೆಯ ಪಡಸಾಲೆಯಲ್ಲಿ ಮಾವನೊಬ್ಬನೇ ಎದುರಿಗೆ ಕುಳಿತಿರುವಾಗ ಏನು ಮಾತಾಡಬೇಕು ಎನ್ನುವುದನ್ನು ಮದುವೆಗೆ ಮುಂಚೆ ಯಾರೂ ಹೇಳಿಕೊಡುವುದಿಲ್ಲ. ಅತ್ತೆಯ ಜೊತೆ ಈ ತೊಂದರೆಯಿಲ್ಲ. ಅವರು "ಇನ್ನೊಂದು ಹೋಳಿಗಿ ಹಾಕ್ಲೇನ್ರಿ" ಅನ್ನುತ್ತಾರೆ, ನಾವು "ಸಾಕ್ರಿ" ಅನ್ನುತ್ತೇವೆ, ಅವರು ಹಾಕುತ್ತಾರೆ. ಮಾತು ತಾನಾಗಿ ನಡೆಯುತ್ತದೆ. ಮಾವನ ಜೊತೆ ಹಾಗಲ್ಲ. ಮಳೆಯ ವಿಷಯ ಒಂದಿದೆ. ನಮ್ಮ ಊರಿನ ಮಳೆಯನ್ನು ಅವರು ಕೇಳಿ, ಅವರ ಊರಿನ ಮಳೆಯನ್ನು ನಾವು ಕೇಳಿ ಮುಗಿಸಿದ ಮೇಲೆ ಇಬ್ಬರೂ ಎದುರಿಗೆ ಕಟ್ಟಿದ ಎಮ್ಮೆಯನ್ನು ನೋಡುತ್ತಾ ಕೂಡಬೇಕು. ಸ್ವಲ್ಪ ಹೊತ್ತಿಗೆ ಎಮ್ಮೆಗೂ ಮುಜುಗರವಾಗಿ ಅದು ಮುಖ ಆ ಕಡೆ ತಿರುಗಿಸುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಸವಣೂರಿನಲ್ಲಿ ಒಬ್ಬ ಡಾಕ್ಟರ ದವಾಖಾನೆಯಲ್ಲಿ ಕಂಪೌಂಡರನಾಗಿದ್ದೆ. ಬಾಟಲಿಗೆ ಕೆಂಪು ಔಷಧಿ ತುಂಬಿ, ಬೂಚು ಹಾಕಿ, ಗಲಗಲ ಅಲುಗಾಡಿಸಿ ಕೊಡುವುದು ನನ್ನ ಕೆಲಸ. ನನ್ನ ಜೀವನದಲ್ಲಿ ತೋಳಿಗೆ ಇದಕ್ಕಿಂತ ಹೆಚ್ಚಿನ ವ್ಯಾಯಾಮ ಆದದ್ದಿಲ್ಲ. ಹೆಂಡತಿ ಗಿರಿಜಾಳ ತವರು ಹಾನಗಲ್ಲು. ಮಾವ ಚನ್ನಬಸಪ್ಪನವರಿಗೆ ಅಲ್ಲಿಯ ಅಕ್ಕಿ ಗಿರಣಿಯ ಪಕ್ಕ ಹಗ್ಗ ಮತ್ತು ಗೋಣಿಚೀಲದ ಅಂಗಡಿ. ಒಂದು ಮಾತಿನಲ್ಲಿ ಆಗುವ ಕೆಲಸಕ್ಕೆ ಎರಡನೆಯ ಮಾತು ಖರ್ಚು ಮಾಡುವ ಮನುಷ್ಯ ಅಲ್ಲ. ಎರಡೂ ತೋಳು ಅಗಲಿಸಿ, ಮಾರು ಹಾಕಿ ಹಗ್ಗ ಅಳೆಯುವುದು ಅವರ ದಿನದ ಉದ್ಯೋಗವಾದ್ದರಿಂದ, ಯಾರನ್ನೇ ಕಂಡರೂ ಅವರ ಕಣ್ಣು ಮೊದಲು ತೋಳಿನ ಮೇಲೆ ಹೋಗುತ್ತಿತ್ತು. ವರನನ್ನು ನೋಡಲು ನಮ್ಮ ಮನೆಗೆ ಬಂದ ದಿನವೂ ನನ್ನ ಅರ್ಧ ತೋಳಿನ ಅಂಗಿಯಿಂದ ಹೊರಗೆ ಬಂದದ್ದನ್ನು ಬಹಳ ಹೊತ್ತು ನೋಡಿ, ಕೊನೆಗೆ "ಇರ್ಲಿ" ಅಂದಿದ್ದರು. ಆ 'ಇರ್ಲಿ'ಯ ಮೇಲೆಯೇ ನಮ್ಮ ಮದುವೆಯಾದದ್ದು.

ಮದುವೆಯಾದ ವರ್ಷ ದೀಪಾವಳಿಗೆ ಅಳಿಯತನಕ್ಕೆ ಕರೆದರು. ಅಳಿಯತನ ಅಂದರೆ ಅಳಿಯನನ್ನು ಮನೆಯಲ್ಲಿ ಇಟ್ಟುಕೊಂಡು, ಅವನು ಅಲುಗಾಡದ ಹಾಗೆ ಉಣ್ಣಿಸುವ ಪದ್ಧತಿ. ಮೊದಲ ದಿನ ಬೆಳಿಗ್ಗೆಯೇ ಮಳೆಯ ಮಾತು ತೀರಿತು. ಎಮ್ಮೆಯೂ ಮುಖ ತಿರುಗಿಸಿತು. ಆಗ ಮನೆಯ ಮುಂದೆ ಒಬ್ಬ ಎತ್ತರದ ಆಳು ಬೆನ್ನ ಮೇಲೆ ಅಕ್ಕಿಯ ಚೀಲ ಹೊತ್ತುಕೊಂಡು, ಹಾದಿಯಲ್ಲಿ ಸಿಕ್ಕವನ ಜೊತೆ ನಿಂತು ಆರಾಮವಾಗಿ ಹರಟೆ ಹೊಡೆದು ಮುಂದೆ ಹೋದ. ಚೀಲವಿರುವುದು ಅವನಿಗೆ ನೆನಪಿದ್ದಂತೆ ಕಾಣಲಿಲ್ಲ.

"ಅಂವ ನಿಂಗಪ್ಪ," ಅಂದರು ಮಾವ. ನಾನು ಬೆಚ್ಚಿಬಿದ್ದೆ. ಅವರು ತಾವಾಗಿ ಮಾತು ತೆಗೆದದ್ದು ಅದೇ ಮೊದಲು. "ಗಿರಣ್ಯಾಗ ಹಮಾಲಿ ಮಾಡ್ತಾನ. ಪಂಜಾ ಹಿಡಿಯೋದ್ರಾಗ ಅವನ ಕೈ ಕೆಳಗ ಮಾಡಿದಂವ ಈ ಸೀಮ್ಯಾಗ ಹುಟ್ಟಿಲ್ಲ."

ಪಂಜಾ ಎಂದರೆ ತಮಗೆ ಗೊತ್ತೇ ಇದೆ. ಇಬ್ಬರು ಎದುರುಬದುರು ಕೂತು, ಮೊಣಕೈ ಊರಿ, ಅಂಗೈಗೆ ಅಂಗೈ ಕೊಟ್ಟು, ಒಬ್ಬರ ಕೈಯನ್ನು ಒಬ್ಬರು ಮಲಗಿಸುವ ಆಟ. ಇಲ್ಲಿ ನಾನು "ಹೌದೇನ್ರಿ" ಅಂದು ಸುಮ್ಮನಾಗಬಹುದಿತ್ತು. ಆದರೆ ಬೆಳಗಿನಿಂದ ಮಾತಿಲ್ಲದೆ ಒಣಗಿದ್ದ ಬಾಯಿ ಕೇಳಲಿಲ್ಲ. "ನಮ್ಮ ಸವಣೂರಾಗ ಖಾದರ್ ಭಾಯಿ ಅಂತ ಅದಾನ್ರಿ. ಅವನ ಮುಂದ ಯಾರೂ ನಿಂದರೂದಿಲ್ರಿ," ಅಂದುಬಿಟ್ಟೆ. ನಿಜ ಹೇಳಬೇಕೆಂದರೆ ನಾನು ಖಾದರ್ ಭಾಯಿ ಪಂಜಾ ಹಿಡಿದದ್ದನ್ನು ದೂರದಿಂದ, ಜನರ ತಲೆಗಳ ಸಂದಿಯಲ್ಲಿ ನೋಡಿದ್ದೆ ಅಷ್ಟೆ.

ಮಾವ ಗೋಡೆಗೆ ಒರಗಿದ್ದವರು ನೆಟ್ಟಗಾದರು. "ಏನು ಕೆಲಸ ಅವಂದು?"

"ಬೇಕರ್ಯಾಗ ಹಿಟ್ಟು ನಾದ್ತಾನ್ರಿ."

"ಹಿಟ್ಟು!" ಅಂದರು ಮಾವ. ಆ ಒಂದು ಶಬ್ದದಲ್ಲಿ ಸವಣೂರು ಪಟ್ಟಣವೇ ಪುಡಿಯಾಯಿತು. ನನಗೂ ರೋಷ ಬಂತು. ಹಿಟ್ಟು ನಾದುವವನ ಮಣಿಕಟ್ಟಿನಲ್ಲಿ ಏನಿರುತ್ತದೆ ಎಂದು ಕಂಪೌಂಡರಿಕೆಯ ಎಲ್ಲ ವಿದ್ಯೆಯನ್ನು ಬಳಸಿ ವಿವರಿಸಿದೆ. ಅವರು ಚೀಲದ ತೂಕವನ್ನು ತಂದರು. ನಾನು ನರಗಳನ್ನು ತಂದೆ. ಅತ್ತೆ ಊಟಕ್ಕೆ ಕರೆಯಲು ಬಂದವರು ಬಾಗಿಲಲ್ಲೇ ನಿಂತು, ಒಳಗೆ ಹೋಗಿ ಮಗಳನ್ನು ಕರೆತಂದು ತೋರಿಸಿದರು. ಗಿರಿಜಾ ಆಮೇಲೆ ಹೇಳಿದಳು, ಅಪ್ಪ ಒಮ್ಮೆಗೆ ಅಷ್ಟು ಮಾತಾಡಿದ್ದನ್ನು ಅವಳು ಹುಟ್ಟಿದ ಮೇಲೆ ನೋಡಿರಲಿಲ್ಲವಂತೆ.

ಅಲ್ಲಿಂದ ಶುರುವಾಯಿತು. ನಾವು ಸವಣೂರಿಗೆ ಮರಳಿದ ಮೇಲೂ ವಾದ ನಿಲ್ಲಲಿಲ್ಲ. ಅದನ್ನು ಹೊರುವ ಕೆಲಸ ಗಿರಿಜಾಳ ಪಾಲಿಗೆ ಬಂತು. ಅವಳು ತವರಿಗೆ ಹೋಗಿಬಂದಾಗಲೆಲ್ಲ ಚೀಲದಿಂದ ಶೇಂಗಾ ಚಟ್ನಿ ತೆಗೆದಿಡುವ ಮೊದಲು ಬಾಗಿಲಲ್ಲೇ ನಿಂತು ಸಂದೇಶ ಒಪ್ಪಿಸುತ್ತಿದ್ದಳು. "ರೀ, ಅಪ್ಪ ಕೇಳ್ಯಾನ. ಖಾದರ್ ಭಾಯಿ ಹಿಟ್ಟು ನಾದೋದು ಎರಡೂ ಕೈಲೆ. ಪಂಜಾ ಒಂದ ಕೈಲೆ. ಹಂಗಾರ ಅರ್ಧಾ ಶಕ್ತಿ ಲೆಕ್ಕಕ್ಕಿಲ್ಲ ಅಂದಾನ."

"ನಿಂಗಪ್ಪ ಚೀಲ ಹೊರೋದು ಬೆನ್ನಿಲೆ," ಅನ್ನುತ್ತಿದ್ದೆ ನಾನು. "ಪಂಜಾ ಬೆನ್ನಿಲೆ ಹಿಡೀತಾರೇನು, ಕೇಳು."

ಅವಳು ಕೇಳಿಕೊಂಡು ಬರುತ್ತಿದ್ದಳು. ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ, ಸೀಟಿಗಾಗಿ ಒದ್ದಾಡಿ, ಮಡಿಲಲ್ಲಿ ರೊಟ್ಟಿಯ ಗಂಟು ಇಟ್ಟುಕೊಂಡು, ಇಬ್ಬರು ಗಂಡಸರು ಎಂದೂ ಹಿಡಿಯದ ಪಂಜಾದ ಸುದ್ದಿ ಹೊತ್ತು ಓಡಾಡಿದಳು. ಒಮ್ಮೆ ಮಾತ್ರ ಬೇಸರಗೊಂಡು, "ಇಬ್ಬರನ್ನೂ ಒಂದ ಕಡೆ ಕುಂಡ್ರಿಸಿ ಹಿಡಿಸಿಬಿಡ್ರಿ, ನನ್ನ ಕಾಲರೆ ಉಳೀತಾವ," ಅಂದಳು. ನಾನು ನಕ್ಕುಬಿಟ್ಟೆ. ಪಂಜಾ ಹಿಡಿಯುವುದರಲ್ಲಿ ಏನಿದೆ? ಒಬ್ಬ ಗೆಲ್ಲುತ್ತಾನೆ, ಒಬ್ಬ ಸೋಲುತ್ತಾನೆ, ಜನ ಚಹಾ ಕುಡಿಯಲು ಹೋಗುತ್ತಾರೆ. ಆದರೆ 'ಹಿಡಿದರೆ' ಅನ್ನಿ ನೋಡೋಣ. ಅದರಲ್ಲಿ ಬೇಸಿಗೆ ಉಂಟು, ಚಳಿಗಾಲ ಉಂಟು, ಉಂಡ ಕೈ, ಉಪವಾಸದ ಕೈ, ಬೆವರಿದ ಅಂಗೈ, ಬೂದಿ ಹಚ್ಚಿಕೊಂಡ ಅಂಗೈ, ಮೊದಲೇ ಮಣಿಕಟ್ಟನ್ನು ಒಳಗೆ ತಿರುವಿಕೊಳ್ಳುವವ, ತಾಳಿಕೊಂಡು ಎದುರಿನವನ ಕೈ ಸೋಲುವವರೆಗೆ ಕಾಯುವವ, ಎಲ್ಲರೂ ಉಂಟು. 'ಹತ್ತು ವರ್ಷದ ಹಿಂದೆ ಹಿಡಿದಿದ್ದರೆ' ಅಂದರೆ ಮತ್ತೊಂದು ಲೋಕವೇ ತೆರೆಯುತ್ತದೆ. ಇಷ್ಟೆಲ್ಲ ನನಗೆ ಗೊತ್ತಿದ್ದೂ, ಗೊತ್ತಿಲ್ಲದವನಂತೆ ನಡೆದುಕೊಂಡೆ. ಅದು ಹೇಗೆಂದು ಹೇಳುತ್ತೇನೆ.

ಗಿರಿಜಾ ಹೆರಿಗೆಗೆ ತವರಿಗೆ ಹೋದಳು, ಮಗಳು ಹುಟ್ಟಿದಳು, ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು. ಮೊದಲ ಸಲ ತಂದೆಯಾದವನಿಗೆ ಊರಿಗೆಲ್ಲ ಏನಾದರೂ ಮಾಡಿ ತೋರಿಸಬೇಕು ಅನ್ನಿಸುತ್ತದೆ. ನಾನು ನೆಟ್ಟಗೆ ಬೇಕರಿಗೆ ಹೋಗಿ ಖಾದರ್ ಭಾಯಿಯನ್ನು ತೊಟ್ಟಿಲ ಕಾರ್ಯಕ್ಕೆ ಕರೆದೆ. ಕಾರಣವನ್ನೂ ಹೇಳಿದೆ. ಅವನು ಹಿಟ್ಟಿನ ಕೈ ಒರೆಸಿಕೊಂಡು ಅಚ್ಚರಿಯಿಂದ ನನ್ನನ್ನು ನೋಡಿದ. "ನನ್ನ ಸಲುವಾಗಿ ನೀವು ಮಾವ-ಅಳಿಯ ಒಂದ ವರ್ಷದಿಂದ ಜಗಳಾಡಾಕತ್ತೀರಿ? ನನ್ನ ಹೆಂಡ್ತಿ ಸುದ್ದಾ ನನ್ನ ಬಗ್ಗೆ ಇಷ್ಟು ವಿಚಾರ ಮಾಡಿಲ್ರಿ!" ಅಂದ. ತಿನ್ನಲು ಒಂದು ದೊಡ್ಡ ಪೊಟ್ಟಣ ಖಾರದ ಸೇವು ಕಟ್ಟಿಸಿಕೊಂಡು ನನ್ನ ಜೊತೆ ಬಸ್ಸು ಹತ್ತಿದ.

ಕೂಸಿಗೆ ಹೆಸರಿಟ್ಟು, ಹೆಂಗಸರು ಜೋಗುಳ ಹಾಡಿ ಮುಗಿಸಿ, ಊಟವಾದ ಮೇಲೆ ಗಂಡಸರೆಲ್ಲ ಗಿರಣಿಯ ಅಂಗಳಕ್ಕೆ ನಡೆದೆವು. ಅಕ್ಕಿಯ ಚೀಲ ಒಟ್ಟಿ, ಮೇಲೆ ಹಲಗೆ ಇಟ್ಟರು. ನಿಂಗಪ್ಪ ಒಂದು ಕಡೆ, ಖಾದರ್ ಭಾಯಿ ಒಂದು ಕಡೆ ಕುಳಿತರು. ಮಾವ ಒಂದು ಕೈಯಿಂದ ಇನ್ನೊಂದು ಕೈ ಹಿಡಿದುಕೊಂಡು ನಿಂತಿದ್ದರು. ಅಂಗೈಗೆ ಅಂಗೈ ಸೇರಿತು. ನಾವು ಒಂದು ವರ್ಷದಿಂದ ಊಹಿಸಿದ್ದ ಆ ಗಳಿಗೆ ಬಂತು. ಸರಿಯಾಗಿ ಆಗಲೇ ಗಿರಣಿಯ ತೌಡಿನ ದೂಳು ಮೂಗಿಗೆ ಹೋಗಿ ನನಗೆ ಸೀನು ಬಂತು. ಸೀನಿ ಕಣ್ಣು ತೆರೆಯುವಷ್ಟರಲ್ಲಿ ಖಾದರ್ ಭಾಯಿಯ ಕೈ ಹಲಗೆಯ ಮೇಲೆ ಮಲಗಿತ್ತು.

"ಭಾಳ ಚಲೋ ಕೈ ಐತಿ ಭಾಯಿ ನಿಂದು," ಅಂದ ಖಾದರ್ ಭಾಯಿ, ನಗುತ್ತಾ. ನಿಂಗಪ್ಪ ಅವನ ಭುಜ ತಟ್ಟಿದ. ಇಬ್ಬರೂ ಖಾರದ ಪೊಟ್ಟಣ ಬಿಚ್ಚಿಕೊಂಡು, ತಂತಮ್ಮ ಮಕ್ಕಳ ಮದುವೆ, ಮೊಣಕಾಲು ನೋವು ಮುಂತಾದ ವಿಷಯ ಮಾತಾಡುತ್ತಾ ಚಹಾದಂಗಡಿಯ ಕಡೆ ಹೋದರು. ಅವರಿಬ್ಬರ ನಡುವೆ ಯಾವ ಸಮಸ್ಯೆಯೂ ಮೊದಲೂ ಇರಲಿಲ್ಲ, ಆಮೇಲೂ ಇರಲಿಲ್ಲ.

ಸಮಸ್ಯೆ ನಮ್ಮದು. ಮನೆಗೆ ಬಂದು ಪಡಸಾಲೆಯಲ್ಲಿ ಕುಳಿತೆವು. ಗೆದ್ದ ಊರಿನ ಮನುಷ್ಯ ಮೀಸೆ ತಿರುವಬಹುದು, ನನ್ನನ್ನು ಕೆಣಕಬಹುದು ಎಂದು ನಾನು ಮೈ ಗಟ್ಟಿ ಮಾಡಿಕೊಂಡಿದ್ದೆ. ಮಾವ ಎಮ್ಮೆಯನ್ನು ನೋಡಿದರು. "ಮುಗೀತಲ್ರಿ," ಅಂದರು.

"ಹೂಂ ರಿ, ಮುಗೀತು," ಅಂದೆ.

"ಮಳಿ ಹೆಂಗೈತಿ ನಿಮ್ಮ ಕಡೆ?"

ಗಿರಿಜಾ ಮಗುವನ್ನು ಎತ್ತಿಕೊಂಡು ಸವಣೂರಿಗೆ ಬಂದಾಗ ಬಾಗಿಲಲ್ಲಿ ಕಾದು ನಿಂತಿದ್ದೆ. ಸಂದೇಶವೇನೂ ಇರಲಿಲ್ಲ. ಮುಂದಿನ ಸಲ ಅವಳು ಹೊರಟಾಗ ನಾನೇ ಒಂದು ಕಳಿಸಿದೆ: ಖಾದರ್ ಭಾಯಿ ಶಿಗ್ಗಾಂವಿಯಿಂದ ಹಾನಗಲ್ಲಿನವರೆಗೆ ಬಸ್ಸಿನ ಕಂಬಿ ಹಿಡಿದು ನಿಂತೇ ಬಂದಿದ್ದ, ಅದು ದಣಿದ ಕೈ, ಲೆಕ್ಕಕ್ಕೆ ತಗೋಬಾರದು. ಅವಳು ಮರಳಿ ಬಂದು ಮೆಲ್ಲಗೆ ಹೇಳಿದಳು, "ಹೌದು, ಇದ್ದೀತು ಅಂದ."

"ಮತ್ತ?"

"ಮತ್ತೇನಿಲ್ಲ. ಹೌದು ಇದ್ದೀತು, ಅಷ್ಟ."

ನನಗೆ ಗಾಬರಿಯಾಯಿತು. ಮಾವ ನನ್ನ ಮಾತು ಒಪ್ಪಿಕೊಂಡಿದ್ದರು! ಅತ್ತೆಯೂ ಹೇಳಿಕಳಿಸಿದ್ದರಂತೆ, ಮಾವ ಅಂಗಡಿಯಲ್ಲಿ ಸುಮ್ಮನೆ ಕೂಡುತ್ತಾರೆ, ರೊಟ್ಟಿ ಅರ್ಧಕ್ಕೇ ಬಿಡುತ್ತಾರೆ ಎಂದು. ನಾನು ನಮ್ಮ ದವಾಖಾನೆಯ ಟಾನಿಕ್ ಕಳಿಸಿದೆ. ಕಹಿಯಾದ ಆ ಟಾನಿಕ್ಕನ್ನು ಅವರು ತಕರಾರಿಲ್ಲದೆ ಕುಡಿದರು ಎಂದು ಕೇಳಿ ನನಗೆ ಇನ್ನಷ್ಟು ಗಾಬರಿಯಾಯಿತು. ಜೊತೆಗೆ ಇನ್ನೊಂದು ವಿಷಯ ನನಗೂ ತಿಳಿಯಿತು. ದವಾಖಾನೆಯಲ್ಲಿ ಬಾಟಲಿ ಅಲುಗಾಡಿಸುವಾಗ ನಾನು ಮೊದಲು ಮಾವನಿಗೆ ಕೊಡಬೇಕಾದ ಉತ್ತರಗಳನ್ನು ಹೊಂದಿಸಿಕೊಳ್ಳುತ್ತಿದ್ದೆ. ಈಗ ಬರೀ ಬಾಟಲಿ ಅಲುಗಾಡಿಸುತ್ತಿದ್ದೆ. ನನ್ನ ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡವರು. ಹಿರಿಯರೊಬ್ಬರು ನನ್ನ ಮಾತಿಗೆ ಉತ್ತರ ಹುಡುಕಲು ಇಡೀ ವಾರ ತಲೆ ಕೆಡಿಸಿಕೊಳ್ಳುವುದು ಎಂಥ ಸುಖ ಎಂದು ಅದು ತಪ್ಪಿದ ಮೇಲೆ ಗೊತ್ತಾಯಿತು.

ಹೀಗಿರುವಾಗ ಡಾಕ್ಟರು ತಮ್ಮ ಅಕ್ಕನಿಗೆ ಔಷಧಿ ಕೊಟ್ಟು ಬರಲು ನನ್ನನ್ನು ಹಿರೇಕೆರೂರಿಗೆ ಕಳಿಸಿದರು. ಔಷಧಿ ಮುಟ್ಟಿಸಿ ಬಸ್ಸಿಗೆ ಕಾಯುತ್ತಿದ್ದಾಗ ರಸ್ತೆಯ ಪಕ್ಕದ ಕುಲುಮೆಯ ಮುಂದೆ ನಗೆ, ಕೂಗು ಕೇಳಿಸಿತು. ಮೌನೇಶಪ್ಪ ಎಂಬ ಕಮ್ಮಾರ, ನೇಗಿಲ ಕುಡ, ಕುಡುಗೋಲು ಹದ ಮಾಡಿಸಲು ಬಂದವರ ಜೊತೆ ಪಂಜಾ ಹಿಡಿಯುತ್ತಿದ್ದ. ಸೋತವರು ಕುಲುಮೆಗೆ ಗಾಳಿ ಊದುವ ತಿದಿ ಒತ್ತಬೇಕು ಎಂಬುದು ಕರಾರು. ಎಲ್ಲರೂ ಸೋಲುತ್ತಿದ್ದರಿಂದ ಅವನಿಗೆ ತಿದಿ ಒತ್ತಲು ಆಳಿನ ಅಗತ್ಯವೇ ಬಿದ್ದಿರಲಿಲ್ಲ. ಅದಕ್ಕಿಂತ ಮಿಗಿಲಾದದ್ದೊಂದು ನನ್ನ ಕಣ್ಣಿಗೆ ಬಿತ್ತು. ನಾನು ಸವಣೂರಿನ ಬಸ್ಸು ಬಿಟ್ಟು ಹಾನಗಲ್ಲಿನ ಬಸ್ಸು ಹತ್ತಿದೆ.

ಮಾವ ಅಂಗಡಿಯಲ್ಲಿ ಗಿರಾಕಿಯೊಬ್ಬನಿಗೆ ಹಗ್ಗ ಅಳೆಯುತ್ತಿದ್ದರು. "ಆರಾಮ ಅದೀರಿ?" ಅಂದರು, ನನ್ನ ಕಡೆ ನೋಡದೆ.

"ಆರಾಮರಿ. ಹಿರೇಕೆರೂರಿಗೆ ಹೋಗಿದ್ನಿ. ಅಲ್ಲೊಬ್ಬ ಕಮ್ಮಾರ ಅದಾನ್ರಿ, ಮೌನೇಶಪ್ಪ ಅಂತ. ನಿಂಗಪ್ಪಗ ಅವನ ಕೂಡ ಹಿಡಿದ್ರ ಭಾಳ ಕಷ್ಟ ಆಗ್ತದ ಅನಸ್ತು."

ಮಾವ ಹಗ್ಗ ಎಳೆದುಕೊಂಡರು. ಒಂದು ಮಾರು ಅಳೆದರು. ಇನ್ನೊಂದಕ್ಕೆ ತೋಳು ಅಗಲಿಸಿದರು. ಅಗಲಿಸಿದ ತೋಳು ಹಾಗೆಯೇ ನಿಂತಿತು. "ಕಮ್ಮಾರ ಅಂದ್ರ ಸುತ್ತಿಗಿ ಕೈ. ಸುತ್ತಿಗಿ ಕೈ ಮ್ಯಾಲಿಂದ ಕೆಳಗ ಬರೋ ಕೈ. ಬಾಜೂಕ ತಿರಗೂದಿಲ್ಲ."

"ಸುತ್ತಿಗಿ ಬಲಗೈಲೆ ಹಿಡೀತಾನ್ರಿ," ಅಂದೆ. "ಪಂಜಾ ಎಡಗೈಲೆ."

"ಎಡಗೈಲೆ?" ಹಗ್ಗ ಕೆಳಗೆ ಬಿತ್ತು.

"ಯಜಮಾನ್ರ, ಹಗ್ಗಾ..." ಅಂದ ಗಿರಾಕಿ.

"ಅದಕ್ಕೇನು ಅವಸರ, ತಡಿಯೋ ಸ್ವಲ್ಪ!" ಅಂದರು ಮಾವ. ನನಗೆ ಕುಳಿತುಕೊಳ್ಳಲು ತಾವೇ ಗೋಣಿಚೀಲ ಮಡಿಸಿ ಹಾಸಿದರು. "ಕುಂಡರ್ರಿ ಅಳಿಯಾರ. ಎಡಗೈಲೆ ಹಿಡಿಯವನ ಕೂಡ ನಿಂಗಪ್ಪ ಬಲಗೈಲೆ ಹೆಂಗ ಹಿಡೀಬೇಕು? ಇಲ್ಲಾ ನಿಂಗಪ್ಪನ ಎಡಗೈ ತಗೋಬೇಕೋ? ಮೊದಲ ಅದನ್ನ ಇತ್ಯರ್ಥ ಮಾಡೂಣು."

ಅದನ್ನು ಇತ್ಯರ್ಥ ಮಾಡುವುದರಲ್ಲೇ ಎಂಬತ್ತರ ದಶಕದ ಮೊದಲ ವರ್ಷಗಳು ಕಳೆದವು. ಗಿರಿಜಾ ಒಂದು ಕಂಕುಳಲ್ಲಿ ಮಗಳು, ಇನ್ನೊಂದು ಕೈಯಲ್ಲಿ ರೊಟ್ಟಿಯ ಗಂಟು, ಬಾಯಲ್ಲಿ ಎಡಗೈಯ ಸುದ್ದಿ ಹೊತ್ತು ಮತ್ತೆ ಓಡಾಡತೊಡಗಿದಳು. ಮಾವ ರೊಟ್ಟಿ ಪೂರ್ತಿ ತಿನ್ನತೊಡಗಿದರು. ಟಾನಿಕ್ಕಿಗೆ ಒಳ್ಳೆಯ ಹೆಸರು ಬಂತು.

ಒಂದು ಪಂಚಮಿ ಹಬ್ಬಕ್ಕೆ ನಾವೆಲ್ಲ ಹಾನಗಲ್ಲಿನಲ್ಲಿದ್ದೆವು. ಅಂದು ಸಂತೆ. ನಾನು ಪಡಸಾಲೆಯಲ್ಲಿ ಕುಳಿತು ಉಂಡಿ ತಿನ್ನುತ್ತಿದ್ದಾಗ, ಮಾವ ಧೋತರ ಮೊಣಕಾಲಿನವರೆಗೆ ಎತ್ತಿ ಹಿಡಿದು ಓಡಿಬಂದರು. ಅವರು ಓಡಬಲ್ಲರು ಎಂದು ನನಗೆ ಗೊತ್ತಿರಲಿಲ್ಲ.

"ಅಳಿಯಾರ, ಅಂವ ಬಂದಾನ!"

"ಯಾರ್ರೀ?"

"ಹಿರೇಕೆರೂರಿನಂವ! ಸಂತಿಗೆ ಬಂದಾನ. ಇಲ್ಲೊಬ್ಬ ನಿಂಗಪ್ಪ ಅದಾನಂತ, ಎಲ್ಲಿ ಸಿಗತಾನ ಅಂತ ಮಂದೀನ್ನ ಕೇಳಾಕತ್ತಾನ!"

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಗಿರಣಿಯ ಅಂಗಳ, ಹಲಗೆ, ಆಮೇಲಿನ ಆ ತಿಂಗಳುಗಳು ಇಬ್ಬರ ಕಣ್ಣ ಮುಂದೆಯೂ ಬಂದಿರಬೇಕು. ಹೆಚ್ಚು ಮಾತು ಬೇಕಾಗಲಿಲ್ಲ. "ನಿಂಗಪ್ಪನ್ನ ನಾ ನೋಡ್ಕೋತೇನಿ. ಅವನ್ನ ನೀವು ಬಸ್ಸು ಹತ್ತಸ್ರಿ," ಅಂದು ಮಾವ ಗಿರಣಿಯ ಕಡೆ ಓಡಿದರು. ನಾನು ಉಂಡಿ ಬಾಯಲ್ಲಿ ಇಟ್ಟುಕೊಂಡೇ ಸಂತೆಯ ಕಡೆ ಓಡಿದೆ.

ಮೌನೇಶಪ್ಪ ಬೇಗನೆ ಸಿಕ್ಕ. ಬಹಳ ವರ್ಷದ ಗುರುತಿನವನಂತೆ ಅವನ ಕೈ ಹಿಡಿದು ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಎಳೆದೊಯ್ದು ಮಿರ್ಚಿ ಭಜಿ, ಗಿರಮಿಟ್, ಚಹಾ ತರಿಸಿದೆ. ನಿಂಗಪ್ಪ ದುಂಡಸಿಗೆ ಬೀಗರ ಮನೆಗೆ ಹೋಗಿದ್ದಾನೆ, ಯಾವಾಗ ಬರುತ್ತಾನೋ ಗೊತ್ತಿಲ್ಲ ಎಂದೆ. ಅವನ ಮುಖ ಸಣ್ಣದಾಯಿತು.

"ನಾ ತಿನ್ನಾಕ ಬಂದಿಲ್ರಿ. ಹಾನಗಲ್ಲಾಗ ನನ್ನ ಎಡಗೈ ಬಗ್ಗೆ ಏನೇನೋ ಮಾತಾಡ್ತಾರಂತ ನಮ್ಮೂರ ತನಕ ಸುದ್ದಿ ಬಂದೈತಿ. ಯಾರು ಮಾತಾಡ್ತಾರ್ರಿ ಅದನ್ನ?"

"ಯಾರೋ ಕೆಲಸಿಲ್ಲದ ಮಂದಿ," ಅಂದೆ.

ಅವನು ಭಜಿಯನ್ನೆಲ್ಲ ತಿಂದು, ಕೈ ಒರೆಸಿಕೊಂಡು, ಎಡಗೈಯನ್ನು ಮೇಜಿನ ಮೇಲೆ ಊರಿದ. "ಬಂದದ್ದು ಬಂದೇನಿ. ಹಂಗ ಹ್ವಾದ್ರ ಕೈಗೆ ಸಮಾಧಾನ ಇಲ್ಲ. ನೀವರೆ ಹಿಡೀರಿ."

ಹೋಟೆಲಿನವನು ಚಹಾದ ಗ್ಲಾಸುಗಳನ್ನು ತೆಗೆದುಕೊಂಡು ಹಿಂದೆ ಸರಿದ. ಆಚೆ ಮೇಜಿನವರು ಈಚೆ ತಿರುಗಿದರು. ಇಲ್ಲವೆಂದರೆ ಇವನು ಊರಲ್ಲಿ ಇನ್ನೊಬ್ಬನನ್ನು ಹುಡುಕಿಕೊಂಡು ಗಿರಣಿಯವರೆಗೂ ಹೋಗುತ್ತಾನೆ. ನಾನು ಕನ್ನಡಕ ತೆಗೆದು ಜೇಬಿನಲ್ಲಿ ಇಟ್ಟು ಎಡಗೈ ಕೊಟ್ಟೆ. ಆಮೇಲೆ ಏನಾಯಿತೆಂದು ವಿವರಿಸುವಷ್ಟು ಸಮಯ ಆಗಲಿಲ್ಲ. ಭುಜದಲ್ಲಿ ಬೂಚು ಕಿತ್ತಂತೆ ಒಂದು ಸಪ್ಪಳವಾಯಿತು. ಮೌನೇಶಪ್ಪ ಬಹಳ ನೊಂದುಕೊಂಡು, ತನ್ನ ಹೆಗಲ ಮೇಲಿನ ವಲ್ಲಿಯನ್ನೇ ಹರಿದು ನನ್ನ ಕೈಯನ್ನು ಕೊರಳಿಗೆ ಕಟ್ಟಿದ. "ಕೈ ಬಲ ಇಲ್ರಿ ನಿಮಗ. ಆದ್ರ ಧೈರ್ಯ ಐತಿ," ಅಂದು, ಭಜಿಯ ಋಣ ತೀರಿಸಿದವನಂತೆ ಹಿರೇಕೆರೂರಿನ ಬಸ್ಸು ಹತ್ತಿದ.

ಸಂಜೆ ಮಾವ ಮೈತುಂಬ ನಾರಿನ ದೂಳು ಮಾಡಿಕೊಂಡು ಬಂದರು. ಅಂಗಡಿಯ ಅಟ್ಟದಿಂದ ಹಗ್ಗದ ಸಿಂಬಿಗಳನ್ನೆಲ್ಲ ನಿಂಗಪ್ಪನಿಂದ ಕೆಳಗೆ ಇಳಿಸಿ, ಒಮ್ಮೆ ನೋಡಿ, ಮತ್ತೆ ಮೇಲೆ ಇಡಿಸಿದ್ದರಂತೆ. ನನ್ನ ಕೊರಳಿನ ಜೋಳಿಗೆ ನೋಡಿ ವಿಷಯ ಕೇಳಿದರು. ಕೇಳಿದವರು ಅಯ್ಯೋ ಅನ್ನಲಿಲ್ಲ. ಹತ್ತಿರ ಸರಿದು ಕುಳಿತರು. ಕಣ್ಣು ಹೊಳೆಯುತ್ತಿದ್ದವು.

"ಹಿಡತ ಹೆಂಗಿತ್ತು? ಬೆರಳಿಲೆ ಒತ್ತತಾನೋ, ಮಣಿಕಟ್ಟಿಲೆ ತಿರುವತಾನೋ?"

ಈ ವಿಷಯದಲ್ಲಿ ನಾಡಿಗೆಲ್ಲ ಈಗ ನಾನೊಬ್ಬನೇ ಕಂಡುಂಡ ಸಾಕ್ಷಿ. ನೋವು ಮರೆತು ಹೇಳಿದೆ. ಹೊತ್ತು ಮುಳುಗಿತು, ಅತ್ತೆ ದೀಪ ತಂದಿಟ್ಟರು, ನಾವು ಏಳಲಿಲ್ಲ. ಅಷ್ಟರಲ್ಲಿ ಗಿರಿಜಾ ಬಿಸಿ ಎಣ್ಣೆಯ ಬಟ್ಟಲು ತಂದು, ನನ್ನ ಹಿಂದೆ ಕುಳಿತು ಭುಜ ತಿಕ್ಕತೊಡಗಿದಳು. ನಾನು ನೋವಿಗೆ ಮುಂದೆ ಬಾಗಿದರೆ ಒಂದೇ ಕೈಯಿಂದ ಹಿಂದಕ್ಕೆ ಎಳೆದು ಕೂರಿಸುತ್ತಿದ್ದಳು. ಮಾವನ ಕಣ್ಣು ಮಗಳ ತೋಳಿನ ಮೇಲೆ ನಿಂತಿತು. ಅಲ್ಲಿಂದ ನನ್ನ ಚೆನ್ನಾಗಿದ್ದ ತೋಳಿಗೆ ಬಂತು.

"ಅಳಿಯಾರ," ಅಂದರು, "ನಮ್ಮ ಗಿರಿಜಾನೂ ನೀವೂ ಹಿಡಿದ್ರ?"

ಅಡುಗೆಮನೆಯಲ್ಲಿ ಅತ್ತೆ ನಕ್ಕದ್ದು ಕೇಳಿಸಿತು. ನಾನು ರೂಢಿಯಂತೆ ನನ್ನ ಪರವಾಗಿ ಒಂದು ವಾದ ಹುಡುಕಿದೆ. ಅವಳು ಬಾವಿಯಿಂದ ಸೇದುವ ಕೊಡಗಳಿದ್ದವು, ಬಡಿಯುವ ರೊಟ್ಟಿಗಳಿದ್ದವು, ಮಗಳನ್ನು ಕಂಕುಳಲ್ಲಿ ಹೊತ್ತು ಬಸ್ಸು ಹತ್ತಿದ ವರ್ಷಗಳಿದ್ದವು. ನನ್ನ ಕಡೆ ಬಾಟಲಿ ಇತ್ತು. ಆದರೂ ಬಿಡದೆ, "ಗಂಡಸರ ಎಲುಬಿನ ರಚನೆ ಬ್ಯಾರೆ ಇರ್ತದ್ರಿ ಮಾವಾರ..." ಎಂದು ಶುರು ಮಾಡಿದೆ.

ಗಿರಿಜಾ ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದುರಿಗೆ ಬಂದು ಕುಳಿತಳು. "ಅದಕ್ಯಾಕ ಇಷ್ಟು ಮಾತು? ಬರ್ರಿ, ಹಿಡದ ನೋಡೂಣು," ಅಂದು ಮೊಣಕೈ ಊರಿದಳು.

"ಬ್ಯಾಡ! ಬ್ಯಾಡ!" ಎಂದು ಮಾವ, ನಾನು ಇಬ್ಬರೂ ಒಮ್ಮೆಗೇ ಕೂಗಿದೆವು.

ಮಾವ ಕೂಗಿದ್ದು ವಾದ ಉಳಿಯಲಿ ಎಂದು. ನಾನು ಯಾಕೆ ಕೂಗಿದೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ.